ದಿನಚರಿಯಿಂದ ಶಿಶುವಿಹಾರಕ್ಕೆ: ಎಳೆಯ ಮಕ್ಕಳ ಅವಲೋಕನ ವಿಧಾನಗಳ ಚರಿತ್ರೆ

ಎಳೆಯ ಮಕ್ಕಳ ನಡೆನುಡಿಯನ್ನು ನೋಡಿ ದಾಖಲಿಸುವ ವಿಧಾನಗಳು ಮೊದಲು ರೂಪುಗೊಂಡದ್ದು ಶಾಲೆಗಳಲ್ಲಲ್ಲ, ವಿದ್ವಾಂಸರ ಮನೆಗಳಲ್ಲಿ. ಜರ್ಮನಿಯ ತತ್ತ್ವಶಾಸ್ತ್ರಜ್ಞ ಡೀಟ್ರಿಷ್ ಟೀಡೆಮಾನ್ ತಮ್ಮ ಮಗನ ಬೆಳವಣಿಗೆಯನ್ನು ಕುರಿತ ಟಿಪ್ಪಣಿಗಳನ್ನು 1787ರಲ್ಲಿಯೇ ಪ್ರಕಟಿಸಿದ್ದರಾದರೂ, ಈ ಪದ್ಧತಿಗೆ ವ್ಯಾಪಕವಾದ ಮನ್ನಣೆ ದೊರೆತದ್ದು ಚಾರ್ಲ್ಸ್ ಡಾರ್ವಿನ್ 1877ರಲ್ಲಿ ‘ಮೈಂಡ್’ ಪತ್ರಿಕೆಗೆ ಬರೆದ ಲೇಖನದ ನಂತರ. 1839ರ ಡಿಸೆಂಬರಿನಲ್ಲಿ ಹುಟ್ಟಿದ ಹಿರಿಯ ಮಗ ವಿಲಿಯಂನನ್ನು ಕುರಿತು ಅವರು ಬಹಳ ಹಿಂದೆ ಬರೆದಿಟ್ಟಿದ್ದ ದಿನಚರಿಯೇ ಆ ಲೇಖನಕ್ಕೆ ಆಧಾರವಾಗಿತ್ತು. ನಾಲ್ಕೂವರೆ ತಿಂಗಳ ಮಗು ಕನ್ನಡಿಯಲ್ಲಿ ತನ್ನ ಮತ್ತು ತಂದೆಯ ಬಿಂಬಗಳನ್ನು ಕಂಡು ಮತ್ತೆ ಮತ್ತೆ ನಕ್ಕಿತೆಂದು ಬರೆಯುವ ಡಾರ್ವಿನ್, ಅದರ ಬೆನ್ನಿಗೇ ಮಗು ಅವನ್ನು ನಿಜವೆಂದು ತಿಳಿದಿತ್ತೆಂಬ ತೀರ್ಮಾನವನ್ನೂ ಸೇರಿಸುತ್ತಾರೆ. ನಗು ಕಣ್ಣಿಗೆ ಕಂಡದ್ದು, ತಿಳಿವಳಿಕೆ ತಂದೆಯ ಊಹೆ. ಇವೆರಡೂ ಒಂದೇ ವಾಕ್ಯದಲ್ಲಿ ಬೆರೆತುಹೋಗುವ ಈ ತೊಡಕನ್ನು ಬಿಡಿಸುವ ಪ್ರಯತ್ನವೇ ಮುಂದಿನ ಆರು ದಶಕಗಳ ವಿಧಾನಚರಿತ್ರೆಯ ತಿರುಳು.

ಮೊದಲ ಪರಿಹಾರ ಶಿಸ್ತಿನದು. ಶರೀರಕ್ರಿಯಾ ವಿಜ್ಞಾನಿ ವಿಲ್‌ಹೆಲ್ಮ್ ಪ್ರೇಯರ್ ತಮ್ಮ ಮಗನನ್ನು ಮೂರು ವರ್ಷಗಳ ಕಾಲ ದಿನಕ್ಕೆ ಕನಿಷ್ಠ ಮೂರು ಬಾರಿ ಗಮನಿಸಿ, ಕಂಡದ್ದನ್ನು ತಡಮಾಡದೆ ಬರೆದು, 1882ರಲ್ಲಿ ಮಗುವಿನ ಮನಸ್ಸನ್ನು ಕುರಿತ ತಮ್ಮ ಗ್ರಂಥವನ್ನು ಹೊರತಂದರು. ಹೊತ್ತು ಗೊತ್ತುಮಾಡಿಕೊಂಡು ಬರೆದ ಈ ದಾಖಲೆ ನೆನಪಿನ ಮೋಸವನ್ನು ತಗ್ಗಿಸಿತೇ ಹೊರತು, ಒಂದೇ ಮಗು, ಅದೂ ಸ್ವಂತ ಮಗು, ಎಂಬ ಮಿತಿಯನ್ನು ದಾಟಲಿಲ್ಲ. ಅಮೆರಿಕದಲ್ಲಿ ಸ್ಟ್ಯಾನ್ಲಿ ಹಾಲ್ ಮತ್ತು ಅವರ ಅನುಯಾಯಿಗಳು ಪ್ರಶ್ನಾವಳಿಗಳ ಮೂಲಕ ಸಾವಿರಾರು ಮಕ್ಕಳ ಮಾಹಿತಿಯನ್ನು ಕಲೆಹಾಕಿದರೂ, ಅದು ನೇರ ಅವಲೋಕನವಾಗಿರಲಿಲ್ಲ.

ಎರಡನೆಯ ಪರಿಹಾರವು ನೋಡುವವರನ್ನು ಮಗುವಿನ ಕಣ್ಣಿನಿಂದ ಮರೆಮಾಡಿತು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಆರ್ನಾಲ್ಡ್ ಗೆಸೆಲ್ ಗುಮ್ಮಟದ ಆಕಾರದ ಚಿತ್ರೀಕರಣ ಕೋಣೆಯೊಂದನ್ನು ಕಟ್ಟಿಸಿದರು. ಹೊರಗಿನವರಿಗೆ ಒಳಗಿನ ಮಗು ಕಾಣುತ್ತಿತ್ತು, ಮಗುವಿಗೆ ಹೊರಗಿನವರು ಕಾಣುತ್ತಿರಲಿಲ್ಲ. ಅಲ್ಲಿ ತೆಗೆದ ಚಲನಚಿತ್ರಗಳ ಬಿಡಿ ಚೌಕಟ್ಟುಗಳಿಂದ ಆಯ್ದ 3,200 ಛಾಯಾಚಿತ್ರಗಳು 1934ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದವು.

ಶಿಶುವಿಹಾರದ ಗದ್ದಲಕ್ಕೆ ಒಪ್ಪುವ ವಿಧಾನ ರೂಪುಗೊಂಡದ್ದು ಅದೇ ಕಾಲದ ಮಿನೆಸೋಟ ವಿಶ್ವವಿದ್ಯಾನಿಲಯದ ಶಿಶುಕಲ್ಯಾಣ ಸಂಸ್ಥೆಯಲ್ಲಿ. ಎಲ್ಲ ಮಕ್ಕಳನ್ನೂ ಎಲ್ಲ ಹೊತ್ತೂ ನೋಡುವುದು ಅಸಾಧ್ಯವಾದುದರಿಂದ, ಮೊದಲೇ ಗೊತ್ತುಪಡಿಸಿದ ಚಿಕ್ಕ ಅವಧಿಯಲ್ಲಿ ಒಂದು ಮಗುವನ್ನು ಮಾತ್ರ ನೋಡಿ, ನಿಗದಿಯಾದ ವರ್ತನೆ ಕಂಡಿತೇ ಇಲ್ಲವೇ ಎಂದು ಗುರುತುಹಾಕಿಕೊಂಡು ಮುಂದಿನ ಮಗುವಿಗೆ ಸಾಗುವ ಈ ಕ್ರಮವನ್ನು ಕಾಲಮಾದರಿ ಅವಲೋಕನ ಎನ್ನಬಹುದು. ವಿಲ್ಲರ್ಡ್ ಓಲ್ಸನ್ ಇದನ್ನು 1929ರ ತಮ್ಮ ಅಧ್ಯಯನದಲ್ಲಿ ಬಳಸಿದರು. ಮಿಲ್ಡ್ರೆಡ್ ಪಾರ್ಟೆನ್ ಒಂದೊಂದು ನಿಮಿಷದ ಅವಲೋಕನಗಳಿಂದ ಮಕ್ಕಳ ಒಡನಾಟವನ್ನು ಆರು ಬಗೆಗಳಾಗಿ ವಿಂಗಡಿಸಿ 1932ರಲ್ಲಿ ಪ್ರಕಟಿಸಿದರು. ಯಾವುದರಲ್ಲೂ ತೊಡಗದಿರುವುದು, ಇತರರ ಆಟವನ್ನು ನೋಡುತ್ತಿರುವುದು, ಒಂಟಿಯಾಗಿ ಆಡುವುದು, ಇನ್ನೊಬ್ಬರ ಪಕ್ಕದಲ್ಲಿದ್ದೂ ತನ್ನಷ್ಟಕ್ಕೆ ಆಡುವುದು, ಬೆರೆತು ಆಡುವುದು, ಕೆಲಸ ಹಂಚಿಕೊಂಡು ಆಡುವುದು ಎಂಬ ಈ ವಿಂಗಡಣೆ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಇದಕ್ಕೆ ಪೂರಕವಾಗಿ, ಗಡಿಯಾರವನ್ನು ಬಿಟ್ಟು ಘಟನೆಗಾಗಿ ಕಾಯುವ ಘಟನಾಮಾದರಿ ಅವಲೋಕನವೂ ಬೆಳೆಯಿತು. ಹೆಲೆನ್ ಡಾ ಶಿಶುವಿಹಾರದ ಮಕ್ಕಳ ಮಧ್ಯೆ ತಾವಾಗಿಯೇ ಹುಟ್ಟಿದ 200 ಜಗಳಗಳನ್ನು, ಕಾರಣ, ಅವಧಿ, ಮುಕ್ತಾಯಗಳ ಸಮೇತ ದಾಖಲಿಸಿ 1934ರಲ್ಲಿ ಪ್ರಕಟಿಸಿದರು. ಒಂದು ಜಗಳದ ಸರಾಸರಿ ಅವಧಿ ಅರ್ಧ ನಿಮಿಷಕ್ಕೂ ಕಡಿಮೆಯೆಂದೂ, ಹೆಚ್ಚಿನವನ್ನು ಮಕ್ಕಳೇ ಬಗೆಹರಿಸಿಕೊಳ್ಳುತ್ತಾರೆಂದೂ ಅದರಿಂದ ತಿಳಿದುಬಂತು. ಇಬ್ಬರು ಒಂದೇ ದೃಶ್ಯವನ್ನು ನೋಡಿ ಬೇರೆಬೇರೆಯಾಗಿ ಬರೆದ ಗುರುತುಗಳು ತಾಳೆಯಾಗಬೇಕೆಂಬ ಮಿನೆಸೋಟದ ಪಟ್ಟು ನಿಜಕ್ಕೂ ದೊಡ್ಡ ಸಾಧನೆ. ಆದರೆ ನಿಮಿಷ ಮುಗಿದೊಡನೆ ಮಗುವಿನ ಆಲೋಚನೆಯ ಎಳೆಯೂ ಕಡಿದುಹೋಗುತ್ತಿತ್ತು.

ಆ ಎಳೆಯನ್ನು ಕಡಿಯದೆ ಹಿಡಿದಿಟ್ಟ ದಾಖಲೆಗಳೆಂದರೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೆಫ್ರಿ ಪೈಕ್ 1924ರಲ್ಲಿ ಸ್ಥಾಪಿಸಿದ ಮಾಲ್ಟಿಂಗ್ ಹೌಸ್ ಶಾಲೆಯವು. ಅದರ ಹೊಣೆ ಹೊತ್ತಿದ್ದ ಸೂಸನ್ ಐಸಾಕ್ಸ್ ಶಿಕ್ಷಕಿಯಾಗಿಯೂ ಮನೋವಿಶ್ಲೇಷಕಿಯಾಗಿಯೂ ತರಬೇತಿ ಪಡೆದಿದ್ದರು. ಮಕ್ಕಳ ಮಾತನ್ನು ಆದಷ್ಟೂ ಅವರು ಆಡಿದಂತೆಯೇ ಬರೆದುಕೊಳ್ಳಬೇಕು, ಅದಕ್ಕೆ ಮುಂಚೆ ಹಿರಿಯರು ಆಡಿದ ಮಾತು ಮಾಡಿದ ಕೆಲಸಗಳೂ ದಾಖಲಾಗಬೇಕು ಎಂಬುದು ಅಲ್ಲಿನ ಕ್ರಮ. 1930 ಮತ್ತು 1933ರಲ್ಲಿ ಪ್ರಕಟವಾದ ಅವರ ಎರಡು ಗ್ರಂಥಗಳು ಈ ದಾಖಲೆಗಳಿಂದಲೇ ಮೂಡಿದವು.

ಶಾಲೆಯ ಮೊಲವೊಂದು ಸತ್ತ ದಿನದ ದಾಖಲೆಯನ್ನು ಉದಾಹರಣೆಗೆ ನೋಡಬಹುದು. ನೀರಿನಲ್ಲಿಟ್ಟರೆ ಅದಕ್ಕೆ ಜೀವ ಬರುವುದೆಂದು ತಂದೆ ಹೇಳಿದ್ದಾಗಿ ಒಬ್ಬ ಹುಡುಗ ಹೇಳಿದಾಗ, ಐಸಾಕ್ಸ್ ಅದನ್ನು ಅಲ್ಲಗಳೆಯದೆ, ಹಾಗೆ ಮಾಡಿ ನೋಡೋಣವೇ ಎಂದು ಕೇಳುತ್ತಾರೆ. ನೀರಿನ ಸುಳಿಯಲ್ಲಿ ಮೊಲ ತಿರುಗಿದ್ದನ್ನು ಕಂಡು, ಅಲುಗಾಡುವುದರಿಂದ ಅದಕ್ಕೆ ಜೀವವಿದೆಯೆಂದು ಒಬ್ಬರು ವಾದಿಸಿದಾಗ, ಅವರು ಒಂದು ಕಡ್ಡಿಯನ್ನು ನೀರಿಗೆ ಹಾಕುತ್ತಾರೆ. ಕಡ್ಡಿಯೂ ತಿರುಗುತ್ತದೆ, ಕಡ್ಡಿಗೆ ಜೀವವಿಲ್ಲವೆಂದು ಮಕ್ಕಳೇ ಒಪ್ಪುತ್ತಾರೆ. ಮೊಲವನ್ನು ಹೂತ ಮರುದಿನ, ಅದು ಆಕಾಶಕ್ಕೆ ಹೋಗಿದೆ ಎಂದುಕೊಂಡು ಮಕ್ಕಳು ಅಗೆಯುವುದನ್ನು ಕೈಬಿಟ್ಟಾಗ, ಐಸಾಕ್ಸ್ ತಾವೂ ಜೊತೆಗೆ ಅಗೆಯುತ್ತಾರೆ. ಮೊಲ ಅಲ್ಲಿಯೇ ಇರುತ್ತದೆ. ಮಗುವಿನ ಊಹೆ, ಹಿರಿಯರು ಒಡ್ಡಿದ ಪುರಾವೆ, ಅದರ ಮುಂದೆ ಊಹೆ ಬದಲಾದ ರೀತಿ, ಇಷ್ಟೂ ಈ ದಾಖಲೆಯಲ್ಲಿ ಸಿಗುತ್ತವೆ. ಇದೇ ಬೆಳಿಗ್ಗೆಯನ್ನು ಪಾರ್ಟೆನ್‌ರ ಪಟ್ಟಿಯಲ್ಲಿ ದಾಖಲಿಸಿದ್ದರೆ ಉಳಿಯುತ್ತಿದ್ದುದು ಮಕ್ಕಳು ಬೆರೆತು ಆಡಿದರು ಎಂಬ ಗುರುತು ಮಾತ್ರ.

ಐಸಾಕ್ಸ್ ತಮ್ಮನ್ನು ಮರೆಮಾಡಿಕೊಳ್ಳದೆ ದಾಖಲೆಯೊಳಗೇ ಇರಿಸಿಕೊಂಡದ್ದರಿಂದ, ಮಗು ಹೇಳಿದ್ದರಲ್ಲಿ ಎಷ್ಟು ಸ್ವಂತದ್ದು, ಎಷ್ಟು ಹಿರಿಯರ ಪ್ರೇರಣೆಯದು ಎಂದು ಓದುಗರೇ ತೂಗಿ ನೋಡಲು ಸಾಧ್ಯವಾಯಿತು. ಡಾರ್ವಿನ್ನರ ವಾಕ್ಯದಲ್ಲಿದ್ದ ತೊಡಕಿಗೆ ಗುಮ್ಮಟದ ಕೋಣೆಗಿಂತಲೂ ಇದು ಪ್ರಾಮಾಣಿಕವಾದ ಉತ್ತರ. ಕಿರಿಯ ಮಕ್ಕಳು ಕಾರ್ಯಕಾರಣದ ತರ್ಕಕ್ಕೆ ಇನ್ನೂ ಬಂದಿರುವುದಿಲ್ಲವೆಂಬ ಜೀನ್ ಪಿಯಾಜೆಯವರ ನಿಲುವನ್ನು ಐಸಾಕ್ಸ್ ಪ್ರಶ್ನಿಸಿದ್ದು ಇಂಥ ದಾಖಲೆಗಳ ಬಲದಿಂದಲೇ. 1927ರಲ್ಲಿ ಪಿಯಾಜೆಯವರೇ ಆ ಶಾಲೆಗೆ ಭೇಟಿ ನೀಡಿದ್ದರು. ಆದರೆ ಅಲ್ಲಿದ್ದವರು ಬೆರಳೆಣಿಕೆಯ ಮಕ್ಕಳು, ಬಹುಪಾಲು ಸುಶಿಕ್ಷಿತ ಮನೆಗಳವರು. ಹಣದ ಮುಗ್ಗಟ್ಟಿನಿಂದ ಶಾಲೆಯೂ 1929ರಲ್ಲಿ ಮುಚ್ಚಿತು. 1933ರಿಂದ ಲಂಡನ್ನಿನ ಶಿಕ್ಷಣ ಸಂಸ್ಥೆಯಲ್ಲಿ ಮಕ್ಕಳ ಬೆಳವಣಿಗೆಯ ವಿಭಾಗವನ್ನು ಮುನ್ನಡೆಸಿದ ಐಸಾಕ್ಸ್‌ರಿಂದಾಗಿ ಈ ಕ್ರಮ ಅನುಭವಿ ಶಿಕ್ಷಕಿಯರಿಗೂ ತಲುಪಿತು.

ಮುಂದೆ ಎಸ್ತರ್ ಬಿಕ್ 1948ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಆರಂಭಿಸಿದ ತರಬೇತಿಯಲ್ಲಿ, ಕೂಸಿನ ಮನೆಗೆ ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ನೋಡುವಾಗ ಏನನ್ನೂ ಬರೆಯಕೂಡದೆಂಬ, ಪ್ರೇಯರ್ ಕ್ರಮಕ್ಕೆ ತದ್ವಿರುದ್ಧವಾದ ನಿಯಮ ಬಂತು. ನ್ಯೂಜಿಲೆಂಡಿನಲ್ಲಿ 1996ರ ಶಿಶುಶಿಕ್ಷಣ ಪಠ್ಯಕ್ರಮದ ಬೆನ್ನಲ್ಲೇ ಮಾರ್ಗರೆಟ್ ಕಾರ್ ರೂಪಿಸಿದ ಕಲಿಕೆಯ ಕಥನಗಳು ಐಸಾಕ್ಸ್‌ರ ದಾರಿಯನ್ನು ಇನ್ನಷ್ಟು ಮುಂದಕ್ಕೆ ಒಯ್ದವು: ಶಿಕ್ಷಕಿ ಬರೆದ ಕಥನವನ್ನು ಮಗುವಿಗೂ ಮನೆಯವರಿಗೂ ಓದಿಹೇಳಲಾಗುತ್ತದೆ, ಅವರ ಮಾತೂ ಅದಕ್ಕೆ ಸೇರುತ್ತದೆ. ಇಬ್ಬರು ಶಿಕ್ಷಕಿಯರು ಒಂದೇ ಮಗುವಿನ ಬಗ್ಗೆ ಬರೆದ ಕಥನಗಳು ತಾಳೆಯಾಗಬೇಕೇ ಎಂಬ ಮಿನೆಸೋಟದ ಹಳೆಯ ಪ್ರಶ್ನೆಯನ್ನು ವಿಮರ್ಶಕರು ಈ ಕಥನಗಳಿಗೂ ಹಾಕುತ್ತಿದ್ದಾರೆ.