ಕಂಪನಿ ನಾಟಕದಿಂದ ಬಂದ ಸಿನಿಮಾ ಸಂಗೀತ

ಬಿ.ವಿ. ಕಾರಂತರನ್ನು ರಂಗನಿರ್ದೇಶಕರೆಂದು ನೆನೆಯುವವರು ಅವರ ಸಿನಿಮಾ ಸಂಗೀತವನ್ನು ಬಿಡುವಿನ ಹವ್ಯಾಸವೆಂಬಂತೆ ಬದಿಗಿಡುತ್ತಾರೆ. ಅವರ ಆರಂಭದ ಬದುಕು ಬೇರೆಯದನ್ನೇ ಹೇಳುತ್ತದೆ. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ಕಂಪನಿ ನಾಟಕದಲ್ಲಿ ಸಂಗೀತವೆಂದರೆ ಕಥೆಗೆ ತೊಡಿಸಿದ ಒಡವೆಯಲ್ಲ. ಪಾತ್ರದ ಪ್ರವೇಶ, ಜಗಳ, ಅಳು ಎಲ್ಲವನ್ನೂ ನಡೆಸುತ್ತಿದ್ದುದೇ ಹಾರ್ಮೋನಿಯಂ, ತಬಲ. ಮುಂದೆ ಗುಬ್ಬಿ ವೀರಣ್ಣನವರೇ ಅವರನ್ನು ಕಾಶಿಗೆ ಕಳಿಸಿದರು. ಅಲ್ಲಿ ಹಿಂದಿ ಎಂ.ಎ. ಓದಿನ ಜೊತೆಗೆ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತದ ಪಾಠವೂ ಆಯಿತು.

ಹಿಂದಿ, ಹಿಂದೂಸ್ತಾನಿ ಎರಡೂ ಕೈಯಲ್ಲಿದ್ದರೂ ಮುಂಬಯಿಯ ಜನಪ್ರಿಯ ಸಂಗೀತಗಾರರ ಸಾಲಿನಲ್ಲಿ ಅವರ ಹೆಸರಿಲ್ಲವಲ್ಲ ಎಂದು ಆಕ್ಷೇಪಿಸಬಹುದು. ಆ ಸಾಲಿನ ಅಳತೆಗೋಲು ಬಾಯಿಂದ ಬಾಯಿಗೆ ಹರಿಯುವ ಹಾಡು. ಕಾರಂತರು ಕಲಿತದ್ದು ಸನ್ನಿವೇಶಕ್ಕೆ ನಾದ ಕೂಡಿಸುವ ಕಸುಬು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮೃಣಾಲ್ ಸೇನ್ ತಮ್ಮ ಬಂಗಾಳಿ ಚಿತ್ರ ‘ಖಾರಿಜ್’ಗೆ ಅವರಿಂದಲೇ ಸಂಗೀತ ಮಾಡಿಸಿದರು. ಭಾಷೆ ಬದಲಾದರೂ ಕಸುಬು ನಡೆಯಿತೆಂದರೆ, ಅದರ ಬೇರು ಮಾತಿಗಿಂತ ಆಳದಲ್ಲಿ, ಕಂಪನಿಯ ರಂಗದಲ್ಲಿ ಇಳಿದಿತ್ತು. ಹಾಗಾಗಿ ರಂಗಭೂಮಿಯನ್ನು ಅವರ ಸಿನಿಮಾ ಸಂಗೀತದ ಪಾಠಶಾಲೆಯೆಂದೇ ಎಣಿಸುವುದು ನ್ಯಾಯ.