ಮೂರು ಕಾಲದ ಹೊಡೆತಗಾರರು

ರಣಜಿ ಕ್ರಿಕೆಟ್ಟಿನಾಗ ಯಾವ ಕಾಲದ ತಂಡ ಭಾರೀ ಹೊಡೆತದ್ದು? ಈ ಮಾತು ಬಂದರೆ ನಮ್ಮ ಉದಗೀರದವರು ಹೈದರಾಬಾದನ್ನು ಮರೆಯಬಾರದು. 1956ರ ತನಕ ನಾವು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯವರೇ. 1993-94ರಲ್ಲಿ ಆ ತಂಡ ಆಂಧ್ರದ ಮೇಲೆ 6 ವಿಕೆಟ್ಟಿಗೆ 944 ರನ್ ಮಾಡಿತು. ಎಂ.ವಿ. ಶ್ರೀಧರ್ ಒಬ್ಬರದೇ 366. ಆದರೆ ಆ ವರ್ಷ ಕಪ್ಪು ಮುಂಬಯಿಗೆ ಹೋಯಿತು.

ಅದಕ್ಕೂ ಮೊದಲಿನ ದೊಡ್ಡ ಮೊತ್ತ ಇಂದೂರಿನ ಹೋಳ್ಕರ ತಂಡದ್ದು. 1945-46ರಲ್ಲಿ ಮೈಸೂರಿನ ಮೇಲೆ 8 ವಿಕೆಟ್ಟಿಗೆ 912. ಒಂದೇ ಇನಿಂಗ್ಸಿನಾಗ ಆರು ಮಂದಿ ಶತಕ! ನಾಯಕ ಸಿ.ಕೆ. ನಾಯ್ಡು ಅವರಿಗೆ ಆಗ ಐವತ್ತು ವರ್ಷ, ಅವರದೂ ಒಂದು ಶತಕ. ಆ ವರ್ಷ ಕಪ್ಪೂ ಅವರದೇ. ಆದರೂ ನನ್ನ ಲಕ್ಷ್ಯ ಮೈಸೂರಿನ ಬಿ.ಕೆ. ಗರುಡಾಚಾರ್ ಕಡೆಗೇ ಹೋಗತದ. ಬೌಲಿಂಗಿನಾಗ 301 ರನ್ ಕೊಟ್ಟು 4 ವಿಕೆಟ್ ಕಿತ್ತರು. ಅಷ್ಟು ದಣಿದ ಮೇಲೂ ಎರಡನೇ ಇನಿಂಗ್ಸಿನಾಗ ಬ್ಯಾಟ್ ಹಿಡಿದು 164 ಹೊಡೆದರು. ಮೈಸೂರು ಸೋತಿತು, ಖರೆ.

ಬರೀ ಮೊತ್ತ ನೋಡಿದರೆ ಹೈದರಾಬಾದೇ ಮೇಲು. ಎದುರಾಳಿ ಯಾರು, ಹೊತ್ತು ಎಂಥಾದ್ದು ಅಂತ ನೋಡಿದರೆ ನಾನು 2015ರ ಕರ್ನಾಟಕವನ್ನು ಆರಿಸತೀನಿ. ಮುಂಬಯಿಯ ವಾಂಖೇಡೆಯಲ್ಲಿ ಫೈನಲ್, ಎದುರಿಗೆ ತಮಿಳುನಾಡು. 84 ರನ್ನಿಗೆ 5 ವಿಕೆಟ್ ಹೋಗಿದ್ದವು. ಅಲ್ಲಿಂದ ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188 ಹೊಡೆದು ಮೊತ್ತವನ್ನು 762ಕ್ಕೆ ಮುಟ್ಟಿಸಿದರು. ಬೌಲರ್ ವಿನಯ್ ಕುಮಾರ್ ಕೂಡ ಶತಕ ಹೊಡೆದು ಔಟಾಗದೇ ಉಳಿದರು.