ಬಿಳಿ ಚಿತ್ರದೊಳಗಿನ ಗಂಟು

ಮಧುರೆಗೆ ಶನಿವಾರ ಬಸ್ಸುಗಳು ತುಂಬಿ ಬರುತ್ತವೆ. ಶನಿಮಹಾತ್ಮನ ಗುಡಿಗೆ ಬರುವವರಲ್ಲಿ ಐವತ್ತರ ಆಸುಪಾಸಿನ ಹೆಂಗಸರೂ ಇರುತ್ತಾರೆ. ಮೈ ಕಾವೇರುವುದು, ಬೆವರು, ನಿದ್ದೆಗೇಡು: ಮುಟ್ಟು ನಿಲ್ಲುವ ಕಾಲದ ಈ ಸಂಕಟಗಳನ್ನು ಹಿಂದೂ ಮುಸ್ಲಿಂ ಎನ್ನದೆ ಎಲ್ಲ ಮನೆಗಳ ಹೆಂಗಸರೂ ನುಂಗಿಕೊಂಡೇ ಬಂದಿದ್ದಾರೆ. ಡಾಕ್ಟರು ಹಾರ್ಮೋನ್ ಗುಳಿಗೆ ಬರೆದುಕೊಟ್ಟರೆ ಅದನ್ನೂ ಯಾರಿಗೂ ಹೇಳುವುದಿಲ್ಲ. ಈ ಸಂಕೋಚಕ್ಕೆ ತೆರಬೇಕಾದ ಬೆಲೆ ತಿಳಿಯಬೇಕಾದರೆ ಆ ಗುಳಿಗೆಯ ಚರಿತ್ರೆಯನ್ನು ನೋಡಬೇಕು. (ಮಕ್ಕಳಾಗದಿರಲೆಂದು ತಿನ್ನುವ ಮಾಲಾ-ಡಿ ಬೇರೆ, ಇದು ಬೇರೆ.)

ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ ಗುಳಿಗೆ 'ಪ್ರೆಮರಿನ್' ಎಂಬ ಹೆಸರಿನಲ್ಲಿ ಅಮೆರಿಕದ ಅಂಗಡಿಗೆ ಬಂದದ್ದು 1942ರಲ್ಲಿ. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ಪುಸ್ತಕವೊಂದನ್ನು ಬರೆದು, ಇದನ್ನು ತಿಂದರೆ ಹೆಣ್ಣು ಹೆಣ್ಣಾಗಿಯೇ ಉಳಿಯುತ್ತಾಳೆಂದು ಸಾರಿದ. ಮುಪ್ಪೇ ಒಂದು ರೋಗವೆಂಬಂತೆ! 1975ರಲ್ಲಿ ಈಸ್ಟ್ರೊಜೆನ್‌ನಿಂದ ಗರ್ಭಕೋಶದ ಕ್ಯಾನ್ಸರ್ ಹೆಚ್ಚುತ್ತದೆಂದು ಗೊತ್ತಾಯಿತು. ಅದನ್ನು ತಡೆಯಲು ಜೊತೆಗೆ ಪ್ರೊಜೆಸ್ಟಿನ್ ಸೇರಿಸಿದರು.

ಈ ಜೋಡಿ ಗುಳಿಗೆಯನ್ನು ಅಮೆರಿಕ ಸರ್ಕಾರ 16,608 ಹೆಂಗಸರಲ್ಲಿ ಪರೀಕ್ಷಿಸಿತು. ಅರ್ಧದಷ್ಟು ಜನಕ್ಕೆ ಗುಳಿಗೆ, ಉಳಿದವರಿಗೆ ಹುಸಿಗುಳಿಗೆ. 2002ರ ಜುಲೈನಲ್ಲಿ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹತ್ತು ಸಾವಿರ ಹೆಂಗಸರು ಒಂದು ವರ್ಷ ತಿಂದರೆ ಸ್ತನ ಕ್ಯಾನ್ಸರ್ ಆಗುವವರು 30ರಿಂದ 38ಕ್ಕೆ ಏರುತ್ತಿದ್ದರು. ಲೋಕವೆಲ್ಲ ಮಾತಾಡಿದ್ದು ಈ ಎಂಟರ ಬಗ್ಗೆ. ನಮಗೆ ಮುಖ್ಯವೆನಿಸುವುದು 2003ರಲ್ಲಿ ಹೊರಬಿದ್ದ ಇನ್ನೊಂದು ಸಂಗತಿ.

ಮ್ಯಾಮೊಗ್ರಾಮ್ ಎಂದರೆ ಸ್ತನದ ಎಕ್ಸ್‌ರೇ. ಕೊಬ್ಬು ಅದರಲ್ಲಿ ಕಪ್ಪಗೆ, ಹಾಲಿನ ಗ್ರಂಥಿ ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರ್ ಗಂಟೂ ಬಿಳಿಯೇ. ಮುಟ್ಟು ನಿಂತ ಮೇಲೆ ಗ್ರಂಥಿ ಕುಗ್ಗಿ ಚಿತ್ರ ಕಪ್ಪಾಗುತ್ತದೆ, ಗಂಟು ಎದ್ದು ಕಾಣುತ್ತದೆ. ಜೋಡಿ ಗುಳಿಗೆ ಅನೇಕರಲ್ಲಿ ಆ ಚಿತ್ರವನ್ನು ಮತ್ತೆ ಬೆಳ್ಳಗೆ ಮಾಡಿತು. ಒಂದೇ ವರ್ಷದಲ್ಲಿ ಗುಳಿಗೆ ತಿಂದವರ ಪೈಕಿ ನೂರಕ್ಕೆ 9.4 ಮಂದಿಯ ಚಿತ್ರ ಅನುಮಾನಕ್ಕೆ ಎಡೆಮಾಡಿತು, ಹುಸಿಗುಳಿಗೆಯವರಲ್ಲಿ 5.4. ಕ್ಯಾನ್ಸರ್ ಇಲ್ಲದವರು ಸುಮ್ಮನೆ ಭಯಬಿದ್ದರು. ಇದ್ದವರಲ್ಲಿ ಅದು ಸಿಕ್ಕಾಗ ಗಂಟು ದೊಡ್ಡದಾಗಿತ್ತು, ರೋಗ ಹೆಚ್ಚು ಮುಂದುವರಿದಿತ್ತು. ರೋಗವನ್ನು ಹೆಚ್ಚಿಸಿದ ಔಷಧವೇ ಅದನ್ನು ಹುಡುಕುವ ಕಣ್ಣಿಗೂ ಪೊರೆ ಕಟ್ಟಿತ್ತು. 2025ರ ನವೆಂಬರ್‌ನಲ್ಲಿ ಅಮೆರಿಕ ಈ ಔಷಧಗಳ ಮೇಲಿನ ಸ್ತನ ಕ್ಯಾನ್ಸರ್‌ನ ದೊಡ್ಡ ಎಚ್ಚರಿಕೆಯನ್ನು ತೆಗೆಯುವುದಾಗಿ ಹೇಳಿತು. ಅದರಿಂದ ಎಕ್ಸ್‌ರೇಯ ಬಿಳುಪೇನೂ ಕಡಿಮೆಯಾಗದು.

ಮಧುರೆಯಲ್ಲಿ ಮಾತು ಬೇರೆ ಎನ್ನಬಹುದು. ನಮ್ಮ ದೇಶದಲ್ಲಿ ಎಲ್ಲರಿಗೂ ಮ್ಯಾಮೊಗ್ರಾಮ್ ಮಾಡುವ ಯೋಜನೆ ಇಲ್ಲ. 2016ರ ಸರ್ಕಾರಿ ಮಾರ್ಗಸೂಚಿಯಂತೆ 30 ದಾಟಿದವರ ಎದೆಯನ್ನು ಐದು ವರ್ಷಕ್ಕೊಮ್ಮೆ ಕೈಯಿಂದಲೇ ಮುಟ್ಟಿ ನೋಡಬೇಕು. ಅದು ಕಡೆಗಣಿಸುವ ಮಾತಲ್ಲ. ಮುಂಬಯಿಯ ಟಾಟಾ ಆಸ್ಪತ್ರೆ ಇಪ್ಪತ್ತು ವರ್ಷ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹೀಗೆ ನೋಡಿದ್ದರಿಂದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ನೂರಕ್ಕೆ ಸುಮಾರು ಮೂವತ್ತು ಇಳಿದಿತ್ತು. ಆದರೆ ಕೈಗೆ ಗಂಟು ಸಿಕ್ಕಿದ ಮೇಲೆ ದಾರಿ ಬೆಂಗಳೂರಿಗೇ. ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಶುರುವಾದ ಆಸ್ಪತ್ರೆಗೋ ಇನ್ನೊಂದಕ್ಕೋ. ಅಲ್ಲಿ ಎಕ್ಸ್‌ರೇಗೆ ನಿಲ್ಲುವ ಮುಂಚೆ, ಗುಳಿಗೆ ತಿನ್ನುತ್ತಿದ್ದೇನೆ, ಇಷ್ಟು ವರ್ಷದಿಂದ ಎಂದು ಬಾಯಿಬಿಟ್ಟು ಹೇಳಬೇಕು. ಜೊತೆಗೆ ಹೋದ ಮಗನೋ ಗಂಡನೋ ಎದುರಿಗಿದ್ದರೆ ನಮ್ಮ ಹೆಂಗಸರ ಬಾಯಿ ಕಟ್ಟುತ್ತದೆ. ಆಗ ಆ ಗಂಡಸು ಸ್ವಲ್ಪ ಹೊತ್ತು ಹೊರಗೆ ನಿಂತರಾಯಿತು.